‘ಚೆನ್ನಾಗಿಲ್ಲ’ ಎಂದ ತಂದೆಯವರನ್ನು ಹಾಸಿಗೆಯಿಂದ ಎಬ್ಬಿಸಬೇಕೇ?

ಪ್ರಶ್ನೆ: ನನ್ನ ತಂದೆಯವರಿಗೆ 63 ವರ್ಷ. ದೊಡ್ಡ ಕರುಳಿನ ಕ್ಯಾನ್ಸರಿಗೆ ಮೂರು ತಿಂಗಳ ಹಿಂದೆ ಆಪರೇಷನ್ ಆಗಿ, ಈಗ ಕಿಮೋಥೆರಪಿ ನಡೆಯುತ್ತಿದೆ. ಮೂರನೆಯ ಸುತ್ತಿನ ನಂತರ ಜ್ವರ ಬಂದು ಆಸ್ಪತ್ರೆಗೆ ಸೇರಿಸಿ ಹನ್ನೊಂದು ದಿನವಾಯಿತು. ಜ್ವರ ಬಿಟ್ಟು ನಾಲ್ಕು ದಿನವಾಗಿದೆ, ರಕ್ತದ ವರದಿ ಸುಧಾರಿಸಿದೆ ಎಂದು ವೈದ್ಯರು ಹೇಳುತ್ತಾರೆ. ಆದರೂ ತಂದೆಯವರು ಶೌಚಕ್ಕೆ ಬಿಟ್ಟರೆ ಹಾಸಿಗೆಯಿಂದ ಏಳುವುದಿಲ್ಲ, ‘ಎದ್ದರೆ ಕಾಲು ನಿಲ್ಲುತ್ತಿಲ್ಲ’ ಎನ್ನುತ್ತಾರೆ. ಮೊನ್ನೆ ವಾರ್ಡಿನಲ್ಲಿ ಒಂದು ಪ್ರಶ್ನಾವಳಿ ತುಂಬಿಸಿಕೊಂಡರು. ‘ಒಟ್ಟಾರೆ ನಿಮ್ಮ ಆರೋಗ್ಯ ಹೇಗಿದೆ?’ ಎಂಬುದಕ್ಕೆ ಅವರು ‘ಚೆನ್ನಾಗಿಲ್ಲ’ ಎಂದು ಗುರುತು ಹಾಕಿದರು. ಕಳೆದ ಏಳು ದಿನಗಳಲ್ಲಿ ಎಷ್ಟು ನಡೆದಿರಿ, ಎಷ್ಟು ಶ್ರಮದ ಕೆಲಸ ಮಾಡಿದಿರಿ ಎಂಬುದಕ್ಕೆಲ್ಲ ಸೊನ್ನೆ. ಪಕ್ಕದ ಹಾಸಿಗೆಯವರು, ಕಾಯಿಲೆ ಇನ್ನೂ ಮುಂದುವರಿದಿದ್ದರೂ, ‘ಚೆನ್ನಾಗಿದೆ’ ಎಂದರು. ಇಂಥ ಉತ್ತರಗಳಿಗೆ ಏನಾದರೂ ಅರ್ಥವಿದೆಯೇ? ತಂದೆಯವರನ್ನು ಎಬ್ಬಿಸಿ ನಡೆಸಬೇಕೇ, ಅಥವಾ ನಮ್ಮ ತಾಯಿ ಹೇಳುವಂತೆ ವಿಶ್ರಾಂತಿಗೆ ಬಿಡಬೇಕೇ?

ಉತ್ತರ: ನೀವು ಎರಡು ಪ್ರಶ್ನೆ ಕೇಳಿದ್ದೀರಿ ಎಂದುಕೊಂಡಿರಬಹುದು. ಕ್ಯಾನ್ಸರ್ ರೋಗಿಗಳ ಪುನಶ್ಚೇತನ ಚಿಕಿತ್ಸೆಯಲ್ಲಿ ತೊಡಗಿರುವ ನನಗೆ ಅವೆರಡೂ ಒಂದೇ ಪ್ರಶ್ನೆಯ ಎರಡು ತುದಿಗಳಾಗಿ ಕಾಣುತ್ತವೆ. ಆದ್ದರಿಂದ ‘ಚೆನ್ನಾಗಿಲ್ಲ’ ಎಂಬ ಅವರ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅವರನ್ನು ಹೇಗೆ ಎಬ್ಬಿಸಬೇಕು ಎಂಬುದರ ಉತ್ತರ ಬಹುಮಟ್ಟಿಗೆ ಆ ಮಾತಿನೊಳಗೇ ಇದೆ.

ಆರೋಗ್ಯ ಹೇಗಿದೆ ಎಂದು ರೋಗಿಯನ್ನೇ ಕೇಳಿ, ಐದು ಉತ್ತರಗಳಲ್ಲಿ ಒಂದನ್ನು ಆರಿಸಿಕೊಳ್ಳಲು ಹೇಳುವ ಈ ಒಂದು ಸಾಲಿನ ಪ್ರಶ್ನೆ ನೋಡುವುದಕ್ಕೆ ಉಪಚಾರದ ಮಾತಿನಂತಿದೆ, ಆದರೆ ವೈದ್ಯಕೀಯದಲ್ಲಿ ಇದರಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ತಿಳಿಸುವ ಪರೀಕ್ಷೆಗಳು ಹೆಚ್ಚಿಲ್ಲ. ಕೆನಡಾದ ಮ್ಯಾನಿಟೋಬಾ ಪ್ರಾಂತದಲ್ಲಿ 65 ದಾಟಿದ ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಹೀಗೆ ಕೇಳಿ, ನಂತರದ ವರ್ಷಗಳಲ್ಲಿ ಅವರಿಗೆ ಏನಾಯಿತೆಂದು ಗಮನಿಸಿದ ಅಧ್ಯಯನವೊಂದು 1982ರಲ್ಲಿ ಪ್ರಕಟವಾಯಿತು. ತಮ್ಮ ಆರೋಗ್ಯ ಕೆಟ್ಟದಾಗಿದೆ ಎಂದವರು ಆ ಅವಧಿಯಲ್ಲಿ ತೀರಿಕೊಳ್ಳುವ ಸಾಧ್ಯತೆ, ಅತ್ಯುತ್ತಮ ಎಂದವರಿಗಿಂತ ಸುಮಾರು ಮೂರು ಪಟ್ಟು ಇತ್ತು. ಅವರ ವೈದ್ಯಕೀಯ ದಾಖಲೆಗಳಲ್ಲಿದ್ದ ಕಾಯಿಲೆಗಳನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ಅಂತರ ಅಳಿಯಲಿಲ್ಲ. 1997ರಲ್ಲಿ ಇಂಥ 27 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಬಹುತೇಕ ಎಲ್ಲದರಲ್ಲೂ ಅದೇ ಚಿತ್ರ ಕಂಡಿತು. ಅಂದರೆ, ದಾಖಲೆಯಲ್ಲಿ ಇಲ್ಲದ ಏನೋ ಒಂದು ರೋಗಿಗೆ ಗೊತ್ತಿರುತ್ತದೆ. ಹಸಿವು ಹೇಗಿದೆ, ಎದ್ದಾಗ ಕಾಲು ಎಷ್ಟು ನಡುಗುತ್ತದೆ, ನಿದ್ದೆ ಬರುತ್ತಿದೆಯೇ, ಹೋದ ವಾರಕ್ಕೂ ಈ ವಾರಕ್ಕೂ ಏನು ವ್ಯತ್ಯಾಸ, ಇವೆಲ್ಲವನ್ನೂ ದೇಹ ಒಳಗೊಳಗೇ ಕೂಡಿಸಿ ಕಳೆದು ಒಂದು ಪದದಲ್ಲಿ ಹೇಳಿಬಿಡುತ್ತದೆ.

ನಾನು ಹೇಳಿದ ಅಂಕಿಗಳು ಮನೆಯಲ್ಲಿದ್ದ ವೃದ್ಧರವು, ವಾರ್ಡಿನಲ್ಲಿ ಮಲಗಿದ್ದವರವಲ್ಲ. ಹಾಗಾಗಿ ತಂದೆಯವರ ಉತ್ತರವನ್ನು ಭವಿಷ್ಯವಾಣಿಯೆಂದು ದಯವಿಟ್ಟು ಓದಬೇಡಿ. ಕ್ಯಾನ್ಸರ್ ರೋಗಿಗಳಿಗೆಂದೇ ರೂಪಿಸಿದ, ಯುರೋಪಿನಿಂದ ಬಂದು ಜಗತ್ತಿನ ಹಲವೆಡೆ ಬಳಕೆಯಲ್ಲಿರುವ 30 ಪ್ರಶ್ನೆಗಳ ಒಂದು ಪಟ್ಟಿಯಿದೆ. ಅದರ ಕೊನೆಯ ಎರಡು ಪ್ರಶ್ನೆಗಳು, ಕಳೆದ ವಾರದಲ್ಲಿ ನಿಮ್ಮ ಒಟ್ಟಾರೆ ಆರೋಗ್ಯ ಹೇಗಿತ್ತು, ಜೀವನದ ಗುಣಮಟ್ಟ ಹೇಗಿತ್ತು ಎಂದು ಕೇಳಿ 1ರಿಂದ 7ರವರೆಗೆ ಅಂಕ ಕೊಡಲು ಹೇಳುತ್ತವೆ. ಈ ಪಟ್ಟಿಯನ್ನು ಬಳಸಿದ 30 ಚಿಕಿತ್ಸಾ ಪ್ರಯೋಗಗಳ ಹತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ಉತ್ತರಗಳನ್ನು ಒಟ್ಟುಗೂಡಿಸಿ 2009ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ರೋಗಿಗಳೇ ಹೇಳಿದ ದೈಹಿಕ ಸಾಮರ್ಥ್ಯ, ನೋವು ಮತ್ತು ಹಸಿವಿನ ಕೊರತೆ, ಈ ಮೂರೂ ವೈದ್ಯರು ದಾಖಲಿಸಿದ ವಿವರಗಳ ಜೊತೆಗೆ ಸೇರಿದಾಗ ಮುಂದಿನ ಸ್ಥಿತಿಯ ಅಂದಾಜು ಇನ್ನಷ್ಟು ನಿಖರವಾಯಿತು. ಅಲ್ಲಿ ಎದ್ದು ಕಂಡ ಮೂರರಲ್ಲಿ ಒಂದು ದೈಹಿಕ ಸಾಮರ್ಥ್ಯ ಎಂಬುದನ್ನು ಗಮನಿಸಿ. ಎದ್ದು ಓಡಾಡಬಲ್ಲೆ ಎಂಬ ಅನುಭವಕ್ಕೂ ಆರೋಗ್ಯವಾಗಿದ್ದೇನೆ ಎಂಬ ಅನಿಸಿಕೆಗೂ ನಡುವೆ ಇರುವ ನಂಟು ಬಹಳ ಗಟ್ಟಿಯಾದದ್ದು.

ರೋಗಿ ಹೇಳಿದ್ದನ್ನು ಕೇಳಿಸಿಕೊಂಡರೆ ಪ್ರಯೋಜನವಾದರೂ ಏನು ಎಂಬ ಪ್ರಶ್ನೆಗೂ ಈಗ ಉತ್ತರವಿದೆ. ನ್ಯೂಯಾರ್ಕಿನ ಕ್ಯಾನ್ಸರ್ ಆಸ್ಪತ್ರೆಯೊಂದರಲ್ಲಿ, ಕಾಯಿಲೆ ಬೇರೆ ಅಂಗಗಳಿಗೆ ಹರಡಿದ್ದ 766 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರು ತಮ್ಮ ತೊಂದರೆಗಳನ್ನು ಕಂಪ್ಯೂಟರಿನಲ್ಲಿ ನಿಯಮಿತವಾಗಿ ತಾವೇ ದಾಖಲಿಸುವಂತೆಯೂ, ಅದು ತೀವ್ರವಾದಾಗ ನರ್ಸ್‌ಗೆ ಸೂಚನೆ ಹೋಗುವಂತೆಯೂ ವ್ಯವಸ್ಥೆ ಮಾಡಲಾಯಿತು. 2017ರಲ್ಲಿ ಬಂದ ಫಲಿತಾಂಶದ ಪ್ರಕಾರ ಆ ಗುಂಪಿನ ಮಧ್ಯಮ ಬದುಕುಳಿವಿನ ಅವಧಿ (ಅಂದರೆ ಗುಂಪಿನ ಅರ್ಧದಷ್ಟು ಜನ ಬದುಕಿದ್ದ ಕಾಲ) 31.2 ತಿಂಗಳು, ಎಂದಿನ ಆರೈಕೆ ಪಡೆದವರದು 26 ತಿಂಗಳು. ಹೊಸ ಔಷಧವಿಲ್ಲದೆ, ರೋಗಿಯ ಮಾತು ಸರಿಯಾದ ಹೊತ್ತಿಗೆ ಸರಿಯಾದವರ ಕಿವಿಗೆ ಬಿದ್ದದ್ದರಿಂದ ಐದು ತಿಂಗಳ ವ್ಯತ್ಯಾಸ. ಈ ಅಂಕಿಯನ್ನು ಓದಿದಾಗಿನಿಂದ ವಾರ್ಡಿನಲ್ಲಿ ‘ಹೇಗಿದ್ದೀರಿ?’ ಎಂದು ಕೇಳಿ ಉತ್ತರಕ್ಕೆ ಕಾಯದೆ ಮುಂದೆ ಹೋಗುವುದು ನನಗೆ ಸಾಧ್ಯವಾಗಿಲ್ಲ.

ಹಾಗಾದರೆ ರಕ್ತದ ವರದಿ ಸುಧಾರಿಸಿದ್ದರೂ ತಂದೆಯವರು ‘ಚೆನ್ನಾಗಿಲ್ಲ’ ಎಂದದ್ದೇಕೆ? ವರದಿ ಸುಳ್ಳಲ್ಲ, ತಂದೆಯವರೂ ಸುಳ್ಳು ಹೇಳಿಲ್ಲ. ಬಿಳಿರಕ್ತಕಣಗಳು ಏರಿವೆ, ಸೋಂಕು ಇಳಿದಿದೆ ಎಂದು ವರದಿ ಹೇಳುತ್ತದೆ. ಹನ್ನೊಂದು ದಿನ ಮಲಗಿದ ಕಾಲುಗಳ ಸ್ಥಿತಿಯನ್ನು ಅದು ಹೇಳುವುದಿಲ್ಲ. ಅವರನ್ನೇ ಇನ್ನೊಂದು ಪ್ರಶ್ನೆ ಕೇಳಿ: ‘ಯಾವುದನ್ನು ನೆನೆದು ಹಾಗೆ ಗುರುತು ಹಾಕಿದಿರಿ?’ ಈ ಎರಡನೆಯ ಪ್ರಶ್ನೆ ಯಾವ ನಮೂನೆಯಲ್ಲೂ ಇರುವುದಿಲ್ಲ, ಆದರೆ ನನಗೆ ಹೆಚ್ಚು ತಿಳಿಸಿದ್ದು ಇದೇ. ಬಹಳ ಹಿಂದೆ ಒಬ್ಬ ಹಿರಿಯರು, ಟ್ಯೂಮರ್ ಕುಗ್ಗಿದೆ ಎಂದು ತಿಳಿದ ದಿನವೇ ತಮ್ಮ ಆರೋಗ್ಯ ತೀರ ಕೆಟ್ಟಿದೆ ಎಂದಿದ್ದರು. ಕಾರಣ ಕೇಳಿದರೆ, ಆ ದಿನ ಬೆಳಿಗ್ಗೆ ಮೊದಲ ಬಾರಿಗೆ ಸ್ನಾನದ ಕೋಣೆಗೆ ಹೋಗಲು ಇನ್ನೊಬ್ಬರ ಕೈ ಹಿಡಿಯಬೇಕಾಯಿತು ಎಂದರು. ಅವರ ಲೆಕ್ಕದಲ್ಲಿ ಸ್ಕ್ಯಾನಿಗಿಂತ ಆ ಹತ್ತು ಹೆಜ್ಜೆ ದೊಡ್ಡದಾಗಿತ್ತು. ಆ ಲೆಕ್ಕ ತಪ್ಪೆಂದು ನನಗೆ ಅನಿಸಲಿಲ್ಲ. ಅವರಿಗೆ ಬೇಕಿದ್ದ ಚಿಕಿತ್ಸೆ ಏನೆಂಬುದು ಮಾತ್ರ ಆಗ ಸ್ಪಷ್ಟವಾಯಿತು.

ಪಕ್ಕದ ಹಾಸಿಗೆಯವರ ‘ಚೆನ್ನಾಗಿದೆ’ಯನ್ನು ತಂದೆಯವರ ಉತ್ತರದೊಡನೆ ಹೋಲಿಸಬೇಡಿ. ದೀರ್ಘ ಕಾಯಿಲೆಯೊಂದಿಗೆ ಬದುಕುವವರಲ್ಲಿ ಅಳತೆಗೋಲೇ ಬದಲಾಗುವುದುಂಟು. ಮೊದಲು ಆರೋಗ್ಯವೆಂದರೆ ಮೂರು ಮಹಡಿ ಹತ್ತುವುದಾಗಿದ್ದವರಿಗೆ, ವರ್ಷದ ನಂತರ ಆರೋಗ್ಯವೆಂದರೆ ವಾಂತಿಯಿಲ್ಲದ ಒಂದು ದಿನವಾಗಬಹುದು. ಒಂದೇ ಪದದ ಹಿಂದೆ ಬೇರೆಬೇರೆ ಅಳತೆಗಳಿರುವ ಈ ಸಂಗತಿಯನ್ನು ಸಂಶೋಧಕರು 1990ರ ದಶಕದಿಂದ ವಿವರವಾಗಿ ಚರ್ಚಿಸಿದ್ದಾರೆ. ಮನೆಯವರು ನೊಂದುಕೊಳ್ಳಬಾರದೆಂದು ‘ಚೆನ್ನಾಗಿದೆ’ ಎನ್ನುವವರೂ ಇದ್ದಾರೆ. ಚೆನ್ನಾಗಿಲ್ಲ ಎಂದರೆ ಮುಂದಿನ ಕಿಮೋ ನಿಲ್ಲಿಸಿಬಿಟ್ಟಾರು ಎಂದು ಹೆದರಿ ಹಾಗೆ ಹೇಳುವವರೂ ಇದ್ದಾರೆ. ಆದ್ದರಿಂದ ಈ ಉತ್ತರವನ್ನು ಒಬ್ಬರಿಂದ ಇನ್ನೊಬ್ಬರಿಗೆ ಹೋಲಿಸುವುದಕ್ಕಿಂತ, ಅದೇ ವ್ಯಕ್ತಿಯ ನಿನ್ನೆಯ ಉತ್ತರಕ್ಕೆ ಇಂದಿನದನ್ನು ಹೋಲಿಸುವುದು ಹೆಚ್ಚು ಉಪಯುಕ್ತ. ನಿಮ್ಮ ತಂದೆಯವರು ಪ್ರಾಮಾಣಿಕವಾಗಿ ‘ಚೆನ್ನಾಗಿಲ್ಲ’ ಎಂದು ಹೇಳಿಕೊಂಡಿದ್ದಾರೆ, ಇದನ್ನು ನಾನು ಒಳ್ಳೆಯ ಆರಂಭವೆಂದೇ ತಿಳಿಯುತ್ತೇನೆ.

ಈಗ ಆ ಸೊನ್ನೆಗಳ ವಿಷಯ. ಕಳೆದ ಏಳು ದಿನಗಳ ದೈಹಿಕ ಚಟುವಟಿಕೆಯನ್ನು ಕೇಳುವ ಪ್ರಶ್ನಾವಳಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಮನೆ, ಕೆಲಸದ ಸ್ಥಳ, ಓಡಾಟಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಭಾರ ಎತ್ತಿದಿರಾ, ಸೈಕಲ್ ತುಳಿದಿರಾ, ಒಂದೇ ಸಮನೆ ಕನಿಷ್ಠ 10 ನಿಮಿಷ ನಡೆದಿರಾ ಎಂದು ಅದು ಕೇಳುತ್ತದೆ. ಸುಮ್ಮನೆ ಕುಳಿತಾಗ ದೇಹ ಖರ್ಚು ಮಾಡುವ ಶಕ್ತಿಯನ್ನು 1 ಎಂದು ಹಿಡಿದರೆ, ನಡಿಗೆಗೆ 3.3, ಮಧ್ಯಮ ಶ್ರಮಕ್ಕೆ 4, ಹೆಚ್ಚಿನ ಶ್ರಮಕ್ಕೆ 8 ಎಂದು ಗುಣಿಸಿ ವಾರದ ಮೊತ್ತ ತೆಗೆಯುತ್ತಾರೆ. ಆಸ್ಪತ್ರೆಯ ಹಾಸಿಗೆಯಲ್ಲಿರುವವರಿಗೆ ಈ ಲೆಕ್ಕದಲ್ಲಿ ಸೊನ್ನೆ ಬರುವುದು ಸಹಜ. ಡ್ರಿಪ್ ಸ್ಟ್ಯಾಂಡ್ ತಳ್ಳಿಕೊಂಡು ಶೌಚಾಲಯಕ್ಕೆ ಹೋಗಿಬಂದದ್ದು, ಹಾಸಿಗೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತದ್ದು, ಕುರ್ಚಿಯಿಂದ ಕೈಯೂರದೆ ಎದ್ದದ್ದು, ಇವು ಯಾವುವೂ ಅದರ ಬಲೆಗೆ ಬೀಳುವುದಿಲ್ಲ. ಆದರೆ ವಾರ್ಡಿನಲ್ಲಿ ಸುಧಾರಣೆ ಎಂಬುದು ನಡೆಯುವುದೇ ಈ ಪುಟ್ಟ ಅಳತೆಗಳಲ್ಲಿ. ಆದ್ದರಿಂದ ಆ ನಮೂನೆಯ ಸೊನ್ನೆಯನ್ನು ನೋಡಿ ತಂದೆಯವರು ಏನೂ ಮಾಡುತ್ತಿಲ್ಲ ಎಂದು ತೀರ್ಮಾನಿಸಬೇಡಿ. ದಿನಕ್ಕೆ ಎಷ್ಟು ಸಲ ಹಾಸಿಗೆ ಬಿಟ್ಟು ಎದ್ದರು, ಎಷ್ಟು ಹೊತ್ತು ಕುರ್ಚಿಯಲ್ಲಿ ಕುಳಿತರು, ಕಾರಿಡಾರಿನಲ್ಲಿ ಎಲ್ಲಿಯವರೆಗೆ ಹೋದರು ಎಂಬುದನ್ನು ನೀವೇ ಎಣಿಸಿ ನೋಡಿ.

ನಿಮ್ಮ ತಾಯಿಯವರ ಮಾತಿಗೆ ಬರುತ್ತೇನೆ. ಕಾಯಿಲೆಯವರಿಗೆ ವಿಶ್ರಾಂತಿ ಬೇಕು ಎಂಬುದನ್ನು ವೈದ್ಯರೇ ತಲೆಮಾರುಗಳ ಕಾಲ ಹೇಳುತ್ತ ಬಂದಿದ್ದರು. ಜ್ವರ ಕಾಯುತ್ತಿದ್ದ ದಿನಗಳಲ್ಲಿ ಅವರ ಮಾತು ಸರಿಯಾಗಿಯೇ ಇತ್ತು. ಆದರೆ ಜ್ವರ ಬಿಟ್ಟ ಮೇಲೂ ಮಲಗಿಯೇ ಇರುವುದು ವಿಶ್ರಾಂತಿಯಲ್ಲ, ಅದೊಂದು ಬೇರೆಯೇ ಅಪಾಯ. 1947ರಲ್ಲಿಯೇ ರಿಚರ್ಡ್ ಆಶರ್ ಎಂಬ ಬ್ರಿಟಿಷ್ ವೈದ್ಯರು, ಹಾಸಿಗೆ ಹಿಡಿಸುವುದರಿಂದ ದೇಹದ ಒಂದೊಂದು ಅಂಗಕ್ಕೂ ಆಗುವ ಹಾನಿಯನ್ನು ವಿವರಿಸಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಎಚ್ಚರಿಸಿದ್ದರು. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಇಪ್ಪತ್ತು ವರ್ಷದ ಆರೋಗ್ಯವಂತ ಐವರು ಯುವಕರನ್ನು ಮೂರು ವಾರ ಹಾಸಿಗೆಯಲ್ಲೇ ಇರಿಸಿದಾಗ, ಶ್ರಮದ ವೇಳೆ ಅವರ ದೇಹ ಆಮ್ಲಜನಕ ಬಳಸಿಕೊಳ್ಳುವ ಗರಿಷ್ಠ ಸಾಮರ್ಥ್ಯ ಕಾಲು ಭಾಗಕ್ಕಿಂತ ಹೆಚ್ಚು ಕುಸಿಯಿತು. ಮೂವತ್ತು ವರ್ಷಗಳ ನಂತರ ಅದೇ ಐವರನ್ನು ಮತ್ತೆ ಪರೀಕ್ಷಿಸಿದಾಗ, ಮೂವತ್ತು ವರ್ಷದ ಮುಪ್ಪು ಮಾಡಿದ ನಷ್ಟಕ್ಕಿಂತ ಆ ಮೂರು ವಾರದ ಹಾಸಿಗೆ ಮಾಡಿದ ನಷ್ಟವೇ ದೊಡ್ಡದಾಗಿತ್ತು. ಇನ್ನು ವಯಸ್ಸಾದವರ ಮಾತು. ಆರೋಗ್ಯವಂತ ಹಿರಿಯರನ್ನು ಕೇವಲ ಹತ್ತು ದಿನ ಮಲಗಿಸಿ ನೋಡಿದ, 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಾಲುಗಳಿಂದಲೇ ಸುಮಾರು ಒಂದು ಕಿಲೋ ಕೊಬ್ಬುರಹಿತ ಅಂಗಾಂಶ ಕರಗಿಹೋಗಿತ್ತು. ಅದರಲ್ಲಿ ಹೆಚ್ಚಿನದು ಸ್ನಾಯು. ಅವರಿಗೆ ಜ್ವರವಿರಲಿಲ್ಲ, ಕ್ಯಾನ್ಸರ್ ಇರಲಿಲ್ಲ, ಕಿಮೋ ಇರಲಿಲ್ಲ, ಊಟಕ್ಕೆ ಕೊರತೆಯಿರಲಿಲ್ಲ. ನಿಮ್ಮ ತಂದೆಯವರು ಹನ್ನೊಂದು ದಿನ ಮಲಗಿದ್ದಾರೆ ಎಂಬುದನ್ನು ಈ ಬೆಳಕಿನಲ್ಲಿ ನೋಡಿದರೆ, ‘ಎದ್ದರೆ ಕಾಲು ನಿಲ್ಲುತ್ತಿಲ್ಲ’ ಎಂಬ ಅವರ ಅನುಭವ ಕ್ಯಾನ್ಸರ್ ಹೆಚ್ಚಾದದ್ದರ ಲಕ್ಷಣವೇ ಆಗಿರಬೇಕಿಲ್ಲ ಎಂದು ತಿಳಿಯುತ್ತದೆ. ಅದರಲ್ಲಿ ದೊಡ್ಡ ಪಾಲು ಹಾಸಿಗೆಯದಾಗಿರಬಹುದು, ಹಾಸಿಗೆಯ ಪಾಲನ್ನು ಮರಳಿ ಪಡೆಯಬಹುದು. ಇದನ್ನು ಅವರಿಗೂ ತಾಯಿಯವರಿಗೂ ಬಿಡಿಸಿ ಹೇಳಿ, ಏಕೆಂದರೆ ನಿಶ್ಶಕ್ತಿಯನ್ನೆಲ್ಲ ಕಾಯಿಲೆಯ ಲೆಕ್ಕಕ್ಕೇ ಬರೆದುಕೊಂಡು ಒಳಗೊಳಗೇ ಕುಗ್ಗುವವರು ಬಹಳ.

ಮಲಗಿಯೇ ಇರುವುದು ರೋಗಿಯ ಸೋಮಾರಿತನವೂ ಅಲ್ಲ. ಆಸ್ಪತ್ರೆಯ ವ್ಯವಸ್ಥೆಯೇ ಹಾಸಿಗೆಯ ಸುತ್ತ ಕಟ್ಟಿದ್ದು. ನಡೆಯಬಲ್ಲವರೇ ಆಗಿದ್ದ 45 ಹಿರಿಯ ರೋಗಿಗಳ ಮೈಗೆ ಚಲನೆ ಅಳೆಯುವ ಯಂತ್ರ ಕಟ್ಟಿ ನೋಡಿದ, 2009ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಅವರು ಆಸ್ಪತ್ರೆಯ ಸಮಯದ ಶೇ. 83ರಷ್ಟನ್ನು ಮಲಗಿಯೇ ಕಳೆದಿದ್ದರು. ಊಟ ಹಾಸಿಗೆಗೇ ಬರುತ್ತದೆ, ವೈದ್ಯರು ಹಾಸಿಗೆಯ ಬಳಿಗೇ ಬರುತ್ತಾರೆ, ಕೈಗೆ ಡ್ರಿಪ್, ಕೆಲವೊಮ್ಮೆ ಮೂತ್ರದ ಕ್ಯಾತಿಟರ್, ಬಿದ್ದಾರು ಎಂಬ ಭಯ ಎಲ್ಲರಿಗೂ. ಕುಳಿತುಕೊಳ್ಳಲು ಒಂದು ಸರಿಯಾದ ಕುರ್ಚಿಯೇ ಇರದ ಕೋಣೆಗಳಿವೆ. ಹೀಗಿರುವಾಗ ‘ನೀವು ಮನಸ್ಸು ಮಾಡಿದರೆ ಏಳಬಹುದು’ ಎಂದು ರೋಗಿಯ ಮೇಲೆ ಹೊರೆ ಹಾಕುವುದು ನ್ಯಾಯವಲ್ಲ.

ಹೆಚ್ಚು ಚಟುವಟಿಕೆಯಿಂದಿರುವ ರೋಗಿಗಳು ತಮ್ಮ ಆರೋಗ್ಯವನ್ನು ಹೆಚ್ಚು ಚೆನ್ನಾಗಿದೆ ಎಂದು ಅಂದಾಜಿಸುತ್ತಾರೆ ಎಂಬುದನ್ನು ನೀವು ಎಲ್ಲಾದರೂ ಓದಬಹುದು. ಆದರೆ ಒಂದೇ ದಿನ ಎರಡನ್ನೂ ಕೇಳಿದಾಗ, ಯಾವುದು ಯಾವುದಕ್ಕೆ ಕಾರಣ ಎಂದು ಹೇಳಲಾಗದು. ನಡೆದದ್ದರಿಂದ ಚೆನ್ನಾಗಿ ಅನಿಸಿತೋ, ಚೆನ್ನಾಗಿದ್ದುದರಿಂದ ನಡೆದರೋ, ಅಥವಾ ನೋವು, ರಕ್ತಹೀನತೆ, ಖಿನ್ನತೆ, ನಿದ್ದೆಗೇಡುಗಳಂಥ ಮೂರನೆಯದೊಂದು ಎರಡನ್ನೂ ಒಟ್ಟಿಗೆ ಕೆಳಕ್ಕೆ ಎಳೆಯಿತೋ? ವಾರ್ಡಿನಲ್ಲಿ ಈ ಮೂರೂ ಏಕಕಾಲಕ್ಕೆ ನಡೆಯುತ್ತವೆ ಎಂಬುದು ನನ್ನ ತಿಳಿವಳಿಕೆ. ಅದಕ್ಕಾಗಿಯೇ ಚೀಟಿ ಎತ್ತಿದಂತೆ ಗುಂಪು ಮಾಡಿ, ಒಂದು ಗುಂಪಿಗೆ ವ್ಯಾಯಾಮ ಕೊಟ್ಟು ಇನ್ನೊಂದಕ್ಕೆ ಕೊಡದೆ ನೋಡುವ ಪ್ರಯೋಗಗಳಿಗೆ ಬೆಲೆ ಹೆಚ್ಚು. 2018ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಅಂಥ ಪ್ರಯೋಗಗಳನ್ನೆಲ್ಲ ಪರಿಶೀಲಿಸಿ ಮರುವರ್ಷ ತಮ್ಮ ತೀರ್ಮಾನ ಪ್ರಕಟಿಸಿದರು. ವಾರಕ್ಕೆ ಮೂರು ಸಲ 30 ನಿಮಿಷದಂತೆ ಮಧ್ಯಮ ವೇಗದ ನಡಿಗೆಯಂಥ ವ್ಯಾಯಾಮವನ್ನು ಎಂಟರಿಂದ ಹನ್ನೆರಡು ವಾರ ಮಾಡಿದರೆ ಕ್ಯಾನ್ಸರ್ ರೋಗಿಗಳ ಆಯಾಸ, ಆತಂಕ, ಖಿನ್ನತೆ ಕಡಿಮೆಯಾಗುತ್ತವೆ, ದೈಹಿಕ ಸಾಮರ್ಥ್ಯ ಮತ್ತು ಜೀವನದ ಗುಣಮಟ್ಟ ಹೆಚ್ಚುತ್ತವೆ ಎಂಬುದಕ್ಕೆ ಬಲವಾದ ಆಧಾರವಿದೆ ಎಂದರು. ಕ್ಯಾನ್ಸರಿನ ಆಯಾಸ ಮಲಗಿ ಎದ್ದರೆ ಹೋಗುವ ಸಾಮಾನ್ಯ ದಣಿವಲ್ಲ. 113 ಪ್ರಯೋಗಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಆ ಆಯಾಸಕ್ಕೆ ಮಾತ್ರೆಗಳಿಗಿಂತ ವ್ಯಾಯಾಮ ಮತ್ತು ಮನೋಚಿಕಿತ್ಸೆಗಳೇ ಹೆಚ್ಚು ಫಲಕಾರಿಯಾಗಿ ಕಂಡವು.

ಇವುಗಳಲ್ಲಿ ಹೆಚ್ಚಿನವು ಮನೆಯಿಂದ ಬಂದುಹೋಗುವ ರೋಗಿಗಳ ಮೇಲೆ ನಡೆದವು, ನಿಜ. ಹಾಸಿಗೆ ಬಿಡಲಾಗದವರ ಮೇಲೆ ನಡೆದದ್ದೂ ಇದೆ. 1997ರಲ್ಲಿ ಪ್ರಕಟವಾದ ಜರ್ಮನಿಯ ಪ್ರಯೋಗವೊಂದರಲ್ಲಿ, ಅತಿ ಹೆಚ್ಚಿನ ಪ್ರಮಾಣದ ಕಿಮೋ ಪಡೆದು ಆಸ್ಪತ್ರೆಯಲ್ಲಿದ್ದ ರೋಗಿಗಳಿಗೆ ಮಲಗಿದಲ್ಲೇ ಪೆಡಲ್ ತುಳಿಯುವ ಸಾಧನ ಕೊಟ್ಟು, ಒಂದು ನಿಮಿಷ ತುಳಿದು ಒಂದು ನಿಮಿಷ ವಿರಮಿಸುವಂತೆ ದಿನಕ್ಕೆ ಅರ್ಧ ಗಂಟೆ ಮಾಡಿಸಿದರು. ಹಾಗೆ ಮಾಡಿದವರು ಡಿಸ್ಚಾರ್ಜ್ ಆಗುವಾಗ ಉಳಿಸಿಕೊಂಡಿದ್ದ ಶಕ್ತಿ ಮಾಡದವರಿಗಿಂತ ಹೆಚ್ಚಿತ್ತು. ಒಂದು ನಿಮಿಷ ಶ್ರಮ, ಒಂದು ನಿಮಿಷ ವಿರಾಮ ಎಂಬ ಆ ಸರಳ ಕ್ರಮವನ್ನು ನಾನು ಇಂದಿಗೂ ದುರ್ಬಲರಾದ ರೋಗಿಗಳೊಂದಿಗೆ ಆರಂಭದಲ್ಲಿ ಬಳಸುತ್ತೇನೆ.

ತಂದೆಯವರದು ಕರುಳಿನ ಕ್ಯಾನ್ಸರ್ ಆದ್ದರಿಂದ ಇನ್ನೊಂದು ಸುದ್ದಿಯನ್ನೂ ನೀವು ಕೇಳಿರಬಹುದು. ಆಪರೇಷನ್ ಮತ್ತು ಕಿಮೋ ಮುಗಿಸಿದ್ದ 889 ಕರುಳು ಕ್ಯಾನ್ಸರ್ ರೋಗಿಗಳ ಮೇಲೆ, ಹೆಚ್ಚಾಗಿ ಕೆನಡಾ ಮತ್ತು ಆಸ್ಟ್ರೇಲಿಯಾಗಳಲ್ಲಿ ನಡೆದ ಪ್ರಯೋಗದ ಫಲಿತಾಂಶ 2025ರಲ್ಲಿ ಬಂತು. ಮೂರು ವರ್ಷ ಮಾರ್ಗದರ್ಶನದೊಂದಿಗೆ ವ್ಯಾಯಾಮ ಮಾಡಿದವರಲ್ಲಿ ಶೇ. 80.3ರಷ್ಟು ಜನ ಐದು ವರ್ಷದ ಹೊತ್ತಿಗೆ ಕ್ಯಾನ್ಸರ್ ಇಲ್ಲದೆ ಬದುಕಿದ್ದರು. ಆರೋಗ್ಯ ಸಲಹೆಯ ಪುಸ್ತಿಕೆಗಳನ್ನು ಮಾತ್ರ ಪಡೆದವರಲ್ಲಿ ಅದು ಶೇ. 73.9. ಇದು ನಿಜಕ್ಕೂ ದೊಡ್ಡ ಫಲಿತಾಂಶ. ಆದರೆ ಅದು ಕಿಮೋ ಮುಗಿದ ಮೇಲಿನ ಮಾತು. ಈ ವಾರ ವಾರ್ಡಿನಲ್ಲಿ ನಾಲ್ಕು ಹೆಜ್ಜೆ ಹೆಚ್ಚು ಇಟ್ಟರೆ ಕಾಯಿಲೆ ಮರಳುವುದಿಲ್ಲ ಎಂದು ಅದರಿಂದ ಅರ್ಥ ಮಾಡಿಕೊಳ್ಳುವುದಾಗಲಿ, ತಂದೆಯವರಿಗೆ ಹಾಗೆ ಹೇಳುವುದಾಗಲಿ ಬೇಡ. ನಾಳೆ ಅಕಸ್ಮಾತ್ ಏನಾದರೂ ಏರುಪೇರಾದರೆ ‘ನಾನು ನಡೆಯದಿದ್ದುದರಿಂದಲೇ ಹೀಗಾಯಿತು’ ಎಂದು ಅವರು ನೊಂದುಕೊಳ್ಳುವಂತಾಗಬಾರದು. ಈಗ ನಡೆಯಬೇಕಾಗಿರುವುದು ಕಾಲಿನ ಶಕ್ತಿ ಉಳಿಯಲು, ಶ್ವಾಸಕೋಶದಲ್ಲಿ ಕಫ ಕಟ್ಟದಿರಲು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟದಿರಲು, ಬೆನ್ನಿನಲ್ಲಿ ಹುಣ್ಣಾಗದಿರಲು ಮತ್ತು ಮುಂದಿನ ಕಿಮೋ ತಾಳಿಕೊಳ್ಳಲು. ಇಷ್ಟು ಕಾರಣಗಳು ಸಾಕು.

ಹಾಗಾದರೆ ಎಬ್ಬಿಸಿ, ಆದರೆ ವೈದ್ಯರನ್ನು ಕೇಳಿದ ಮೇಲೆ. ಕೇಳಬೇಕಾದದ್ದು ‘ನಡೆಯಬಹುದೇ?’ ಎಂದಷ್ಟೇ ಅಲ್ಲ. ಈ ದಿನದ ಪ್ಲೇಟ್‌ಲೆಟ್ ಮತ್ತು ಹಿಮೋಗ್ಲೋಬಿನ್ ಎಷ್ಟಿದೆ, ಅದಕ್ಕೆ ತಕ್ಕಂತೆ ಏನು ಮಾಡಬಹುದು ಎಂದು ಕೇಳಿ. ಪ್ಲೇಟ್‌ಲೆಟ್ 20,000ಕ್ಕಿಂತ ಕೆಳಗಿದ್ದರೆ ಹಲವು ವಾರ್ಡುಗಳಲ್ಲಿ ಅಗತ್ಯ ಓಡಾಟಕ್ಕೆ ಮಾತ್ರ ಮಿತಿಗೊಳಿಸುತ್ತಾರೆ, ಏಕೆಂದರೆ ಬಿದ್ದರೆ ರಕ್ತಸ್ರಾವ ನಿಲ್ಲುವುದು ಕಷ್ಟ. ಹಿಮೋಗ್ಲೋಬಿನ್ 8ಕ್ಕಿಂತ ಕಡಿಮೆಯಿದ್ದರೆ ನಾಲ್ಕು ಹೆಜ್ಜೆಗೇ ಏದುಸಿರು ಬರಬಹುದು, ಆಗ ವೇಗವನ್ನೂ ದೂರವನ್ನೂ ಇಳಿಸುತ್ತಾರೆ. ಈ ಗಡಿಗಳು ಆಸ್ಪತ್ರೆಯಿಂದ ಆಸ್ಪತ್ರೆಗೆ ಸ್ವಲ್ಪ ಬದಲಾಗುವುದರಿಂದ ನಿಮ್ಮ ವೈದ್ಯರ ಮಾತೇ ಅಂತಿಮ. ಕರುಳಿನ ಕ್ಯಾನ್ಸರಿಗೆ ಸಾಮಾನ್ಯವಾಗಿ ಕೊಡುವ ಆಕ್ಸಾಲಿಪ್ಲಾಟಿನ್ ಔಷಧವನ್ನು ತಂದೆಯವರೂ ಪಡೆಯುತ್ತಿದ್ದರೆ, ಪಾದಗಳಲ್ಲಿ ಜೋಮು ಅಥವಾ ಮರಗಟ್ಟಿದಂತಹ ಅನುಭವ ಇದೆಯೇ ಎಂದು ಅವಶ್ಯವಾಗಿ ವಿಚಾರಿಸಿ. ನೆಲ ಸರಿಯಾಗಿ ತಿಳಿಯದ ಪಾದಗಳು ಸಡಿಲ ಚಪ್ಪಲಿಯಲ್ಲಿ ಎಡವುತ್ತವೆ. ಹಿಮ್ಮಡಿಯನ್ನು ಹಿಡಿದಿಡುವ, ಜಾರದ ಪಾದರಕ್ಷೆ ಇರಲಿ. ಹೊಟ್ಟೆಯ ಆಪರೇಷನ್ ಆಗಿ ಮೂರು ತಿಂಗಳಷ್ಟೇ ಆಗಿರುವುದರಿಂದ ಭಾರ ಎತ್ತುವ ವ್ಯಾಯಾಮವನ್ನು ಸರ್ಜನ್ ಒಪ್ಪದೆ ಆರಂಭಿಸಬಾರದು.

ಮೊದಲ ದಿನ ನಡಿಗೆಯ ಮಾತೇ ಬೇಡ. ಮೂರು ಹೊತ್ತಿನ ಊಟವನ್ನೂ ಕುರ್ಚಿಯಲ್ಲಿ ಕುಳಿತು ಮಾಡಲಿ, ಅಷ್ಟು ಸಾಕು. ಮಲಗಿದವರು ಥಟ್ಟನೆ ಎದ್ದರೆ ಬಿ.ಪಿ. ಇಳಿದು ಕಣ್ಣು ಕತ್ತಲಾಗುತ್ತದೆ. ಆದ್ದರಿಂದ ಪಕ್ಕಕ್ಕೆ ಹೊರಳಿ, ಕಾಲು ಇಳಿಬಿಟ್ಟು, ಹಾಸಿಗೆಯ ಅಂಚಿನಲ್ಲಿ ಒಂದೆರಡು ನಿಮಿಷ ಕುಳಿತು, ಪಾದಗಳನ್ನು ಮೇಲೆ ಕೆಳಗೆ ಆಡಿಸಿ, ತಲೆ ಸುತ್ತುತ್ತಿಲ್ಲವೆಂದು ಅವರೇ ಹೇಳಿದ ಮೇಲೆ ನಿಲ್ಲಲಿ. ಮೊದಲ ಕೆಲವು ಸಲ ನರ್ಸ್ ಅಥವಾ ಫಿಸಿಯೋಥೆರಪಿಸ್ಟ್ ಜೊತೆಗಿರಬೇಕು. ಕುಳಿತು ಏಳುವುದು ಹಿಡಿತಕ್ಕೆ ಬಂದ ಮೇಲೆ, ದಿನಕ್ಕೆ ಒಮ್ಮೆ ಬಹಳ ದೂರ ನಡೆಸುವುದಕ್ಕಿಂತ ಎರಡು ಮೂರು ನಿಮಿಷದ ನಡಿಗೆಯನ್ನು ಐದಾರು ಸಲ ಮಾಡಿಸುವುದು ಒಳ್ಳೆಯದು. ನಡೆಯುತ್ತಿರುವಾಗ ನಿಮ್ಮೊಡನೆ ಪೂರ್ತಿ ವಾಕ್ಯದಲ್ಲಿ ಮಾತನಾಡುವಂತಿದ್ದರೆ ವೇಗ ಸರಿಯಾಗಿದೆ. ಒಂದೊಂದು ಪದಕ್ಕೂ ಉಸಿರು ತೆಗೆದುಕೊಳ್ಳುತ್ತಿದ್ದರೆ ನಿಲ್ಲಿಸಿ ಕೂರಿಸಿ. ಎದೆನೋವು, ವಿಪರೀತ ಎದೆಬಡಿತ, ಮತ್ತೆ ಜ್ವರ, ಒಂದೇ ಕಾಲಿನಲ್ಲಿ ಊತ, ಹೊಸದಾಗಿ ಬಂದ ಬೆನ್ನುನೋವಿನ ಜೊತೆ ಕಾಲು ಸೋಲುವುದು, ಇವುಗಳಲ್ಲಿ ಯಾವುದು ಕಂಡರೂ ನಡಿಗೆ ಬಿಟ್ಟು ತಕ್ಷಣ ಸಿಬ್ಬಂದಿಯನ್ನು ಕರೆಯಿರಿ. ವಾಂತಿಯ ಮಾತ್ರೆ ಅಥವಾ ನೋವಿನ ಮಾತ್ರೆ ಕೆಲಸ ಮಾಡುತ್ತಿರುವ ಹೊತ್ತನ್ನು ನಡಿಗೆಗೆ ಆರಿಸಿಕೊಂಡರೆ ಅರ್ಧ ಕಷ್ಟ ಕಡಿಮೆಯಾಗುತ್ತದೆ. ರಾತ್ರಿಯ ನಿದ್ದೆಯನ್ನು ಕಾಯುವ ಹೊಣೆಯನ್ನು ತಾಯಿಯವರಿಗೆ ಕೊಡಿ. ವಿಶ್ರಾಂತಿ ಬೇಕು ಎಂಬ ಅವರ ಮಾತು ಅಲ್ಲಿ ನೂರಕ್ಕೆ ನೂರು ಸರಿ.

ಒಂದು ಪುಟ್ಟ ನೋಟ್‌ಬುಕ್ ಇಟ್ಟುಕೊಳ್ಳಿ. ದಿನವೂ ಸಂಜೆ ಒಂದೇ ಹೊತ್ತಿಗೆ, ಒಂದೇ ಮಾತಿನಲ್ಲಿ, ‘ಈ ದಿನ ನಿಮ್ಮ ಆರೋಗ್ಯ ಹೇಗಿದೆ ಅನ್ನಿಸುತ್ತದೆ?’ ಎಂದು ಕೇಳಿ, ಅವರು ಹೇಳಿದ ಪದವನ್ನು ಹಾಗೆಯೇ ಬರೆಯಿರಿ, ತಿದ್ದಬೇಡಿ, ‘ಹಾಗೆಲ್ಲ ಅನ್ನಬೇಡಿ’ ಎಂದು ಸಮಾಧಾನಕ್ಕೂ ಇಳಿಯಬೇಡಿ. ಅದರ ಕೆಳಗೆ ಎಷ್ಟು ಸಲ ಎದ್ದರು, ಎಷ್ಟು ಹೊತ್ತು ಕುಳಿತರು, ಎಷ್ಟು ನಡೆದರು ಎಂದು ಬರೆಯಿರಿ. ನಾಲ್ಕೈದು ದಿನದಲ್ಲಿ ಎರಡು ಸಾಲುಗಳು ಒಟ್ಟಿಗೆ ಮೇಲಕ್ಕೆ ಹೋಗುತ್ತಿದ್ದರೆ ಅದು ನಾವು ಬಯಸುವ ದಾರಿ. ನಡಿಗೆ ಹೆಚ್ಚುತ್ತಿದ್ದರೂ ಅನಿಸಿಕೆ ಮೇಲೇಳದಿದ್ದರೆ, ಮನಸ್ಸಿನ ಕಡೆ ನೋಡಬೇಕು. ಖಿನ್ನತೆಯಿದೆಯೇ, ಮನೆಯ ಅಥವಾ ಹಣದ ಚಿಂತೆಯೇ, ಕಾಯಿಲೆಯ ಬಗ್ಗೆ ಕೇಳಲಾಗದೆ ಉಳಿದ ಪ್ರಶ್ನೆಯಿದೆಯೇ ಎಂದು ತಿಳಿಯಲು ವೈದ್ಯರಿಗೂ ಆಪ್ತಸಮಾಲೋಚಕರಿಗೂ ಆ ಪುಟ ತೋರಿಸಿ. ಚೆನ್ನಾಗಿಯೇ ನಡೆಯುತ್ತಿದ್ದವರು, ಏನೂ ಕಾರಣ ಕಾಣದೆ, ಇದ್ದಕ್ಕಿದ್ದಂತೆ ‘ಇವತ್ತು ಸರಿಯಿಲ್ಲ’ ಎಂದು ಹೆಜ್ಜೆಯನ್ನೂ ಕಡಿಮೆ ಮಾಡಿದರೆ ಮರುದಿನದವರೆಗೆ ಕಾಯಬೇಡಿ. ಥರ್ಮಾಮೀಟರ್ ತೋರಿಸುವ ಮುನ್ನವೇ ಸೋಂಕನ್ನು ಹೀಗೆ ಹೇಳಿದ ರೋಗಿಗಳನ್ನು ನಾನು ಒಬ್ಬಿಬ್ಬರಿಗಿಂತ ಹೆಚ್ಚು ಕಂಡಿದ್ದೇನೆ.

ಡಿಸ್ಚಾರ್ಜ್ ಮಾಡುವ ದಿನ ಔಷಧಗಳ ಚೀಟಿಯ ಜೊತೆಗೆ ಫಿಸಿಯೋಥೆರಪಿಸ್ಟ್‌ರಿಂದ ಚಟುವಟಿಕೆಯ ಚೀಟಿಯನ್ನೂ ಕೇಳಿ ಪಡೆಯಿರಿ. ಮನೆಯಲ್ಲಿ ದಿನಕ್ಕೆ ಎಷ್ಟು ನಡಿಗೆಯಿಂದ ಆರಂಭಿಸಬೇಕು, ಮೆಟ್ಟಿಲು ಹತ್ತಬಹುದೇ, ಮುಂದಿನ ಕಿಮೋ ಆದ ಮೊದಲ ಮೂರು ನಾಲ್ಕು ದಿನ ಎಷ್ಟು ಇಳಿಸಬೇಕು, ಯಾವಾಗ ಮತ್ತೆ ಏರಿಸಬೇಕು ಎಂಬುದು ಅದರಲ್ಲಿರಲಿ. ನಡುವೆ ಒಂದು ದಿನ ತಂದೆಯವರು ‘ಇವತ್ತು ಆಗುವುದಿಲ್ಲ’ ಎಂದರೆ, ಏಕೆಂದು ಕೇಳಿ, ಕೇಳಿದ್ದನ್ನು ಬರೆದುಕೊಂಡು, ಆ ದಿನದ ನಡಿಗೆ ಬಿಡಿ. ಕುರ್ಚಿಯನ್ನು ಮಾತ್ರ ಹಾಸಿಗೆಯ ಪಕ್ಕದಿಂದ ತೆಗೆಯಬೇಡಿ.